ಜಡ್ಡಿಯ ಮರಗಳ ಋಣ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿನಿ)

ಮರಗಿಡಗಳ ವಿಚಾರವಾಗಿ ಬರೆಯಲು ನಾನು ಸಸ್ಯಶಾಸ್ತ್ರ ಓದಿದವಳಲ್ಲ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಇವು ನಾನು ಆರಿಸಿಕೊಂಡ ವಿಷಯಗಳು. ಆದರೂ ಈ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಗುರುಗಳು ಕೇಳಿದಾಗ ನನಗೆ ಬೇರಾವ ವಿಷಯವೂ ಹೊಳೆಯಲಿಲ್ಲ. ಅದಕ್ಕೆ ಕಾರಣವುಂಟು. ಕಳೆದ ವರ್ಷ ನಮ್ಮ ಚರ್ಚಾಕೂಟದಲ್ಲಿ ಪಶ್ಚಿಮ ಘಟ್ಟದ ಕಾಡುಗಳ ಬಗ್ಗೆ ಮಾತನಾಡುತ್ತ, ಅಳಿವಿನಂಚಿನಲ್ಲಿರುವ ನಾಲ್ಕಾರು ಮರಗಳ ಹೆಸರು ಹೇಳಿದ್ದೆ. ಆಗ ಸಹಪಾಠಿಯೊಬ್ಬರು ಎದ್ದು ನಿಂತು, “ಈ ಮರಗಳ ಹಣ್ಣು ನಾವು ತಿನ್ನುವುದಿಲ್ಲ, ನಾಟಾ ಮನೆಗೆ ಬರುವುದಿಲ್ಲ, ಹೆಸರು ಕೂಡ ನಮಗೆ ಗೊತ್ತಿಲ್ಲ. ಇವು ಇದ್ದರೇನು, ಹೋದರೇನು?” ಎಂದು ಕೇಳಿದರು. ಸಭೆ ನಕ್ಕಿತು. ನಾನೂ ನಕ್ಕೆ, ಏಕೆಂದರೆ ನನಗೆ ಉತ್ತರ ತೋಚಲಿಲ್ಲ. ಅಂದು ಕೊಡಲಾಗದ ಉತ್ತರವನ್ನು ಇಂದು ಕೊಡಲು ಪ್ರಯತ್ನಿಸುತ್ತೇನೆ. ಇದು ಪಂಡಿತರ ಉತ್ತರವಲ್ಲ. ಆ ಮರಗಳಿಗೆ ಸಾಲ ತೀರಿಸಬೇಕಾದ ಮನೆಯವಳೊಬ್ಬಳ ಉತ್ತರ.

ಮೊದಲು ಜಡ್ಡಿ ಎಂದರೇನೆಂದು ಹೇಳಬೇಕು. ಬಯಲುಸೀಮೆಯಿಂದ ಬಂದ ವಾಚಕರಿಗೆ ಈ ಮಾತು ಹೊಸದಾಗಿರಬಹುದು. ಉತ್ತರ ಕನ್ನಡದ ಘಟ್ಟದ ಮೇಲೆ, ಎರಡು ಗುಡ್ಡಗಳ ನಡುವಣ ತಗ್ಗಿನಲ್ಲಿ ವರ್ಷವೆಲ್ಲ ನೀರು ಜಿನುಗುತ್ತ ಕೆಸರಾಗಿಯೇ ಇರುವ ನೆಲಕ್ಕೆ ಜಡ್ಡಿ ಎನ್ನುವುದು ನಮ್ಮಲ್ಲಿ ವಾಡಿಕೆ. ಸುತ್ತಲಿನ ಕಾಡು ನಿತ್ಯಹರಿದ್ವರ್ಣದ್ದಾಗಿದ್ದು, ಮನುಷ್ಯನ ಕೈ ಇನ್ನೂ ತಾಗದೆ ಉಳಿದಿದ್ದರೆ, ಅಂಥ ಜಡ್ಡಿಯಲ್ಲಿ ಕೆಲವು ವಿಶೇಷ ಜಾತಿಯ ಮರಗಳು ಬೆಳೆಯುತ್ತವೆ. ರಾಮಪತ್ರೆ, ಪಿಂಡಿ ಮುಂತಾದವು ಈ ಗುಂಪಿನವು. ನಾವು ಅಡಿಗೆಗೆ ಬಳಸುವ ಜಾಯಿಕಾಯಿಯ ಬಳಗಕ್ಕೇ ಇವು ಸೇರಿದವು. ಹೂಬಿಡುವ ಸಸ್ಯಗಳಲ್ಲೆಲ್ಲ ಬಹು ಪುರಾತನವಾದ ಮನೆತನಗಳಲ್ಲಿ ಇದೂ ಒಂದೆಂದು ತಿಳಿದವರು ಹೇಳುತ್ತಾರೆ. ತೊಗಟೆಗೆ ಕತ್ತಿ ತಾಗಿದರೆ ಈ ಮರಗಳಿಂದ ಕೆಂಪಾದ ರಸ ಒಸರುತ್ತದೆ. ಚಿಕ್ಕವಳಾಗಿದ್ದಾಗ ಅದನ್ನು ಕಂಡು ನಾನು ಹೆದರಿ ಓಡಿದ್ದುಂಟು.

ಕೆಸರಿನೊಳಗೆ ಗಾಳಿಯಾಡುವುದಿಲ್ಲ. ಬೇರಿಗೆ ಉಸಿರಿಲ್ಲದಿದ್ದರೆ ಮರ ಬದುಕುವುದು ಹೇಗೆ? ಅದಕ್ಕೆ ಈ ಮರಗಳು ತಮ್ಮದೇ ಉಪಾಯ ಕಂಡುಕೊಂಡಿವೆ. ಕೆಲವು ಬುಡದ ಮೇಲಿನಿಂದ ಊರುಗೋಲಿನಂಥ ಬೇರುಗಳನ್ನು ಸುತ್ತಲೂ ಇಳಿಬಿಟ್ಟು ಅವುಗಳ ಮೇಲೆ ನಿಲ್ಲುತ್ತವೆ. ಪಿಂಡಿಯಂಥವು ಬೇರನ್ನು ಕೆಸರಿನಿಂದ ಮೇಲಕ್ಕೆತ್ತಿ, ಮಡಿಸಿದ ಮೊಣಕಾಲಿನಂತೆ ಬಾಗಿಸಿ, ಮತ್ತೆ ಒಳಗಿಳಿಸುತ್ತವೆ. ಮೇಲೆದ್ದ ಆ ಭಾಗದಿಂದಲೇ ಅವು ಉಸಿರಾಡುವುದು. ಸಮುದ್ರದಂಚಿನ ಕಾಂಡ್ಲಾ ಗಿಡಗಳು ಉಪ್ಪುನೀರಿನಲ್ಲಿ ಮಾಡಿಕೊಂಡಿರುವ ಏರ್ಪಾಡನ್ನು ಇವು ಘಟ್ಟದ ಸಿಹಿನೀರಿನಲ್ಲಿ ಮಾಡಿಕೊಂಡಿವೆ.

ಇಂಥ ಜೌಗುಗಳನ್ನು ಕುರಿತು ಕೃಷ್ಣಮೂರ್ತಿ ಎಂಬುವರು ತಿರುವಾಂಕೂರಿನ ಕಾಡುಗಳನ್ನು ನೋಡಿ ೧೯೬೦ರಲ್ಲಿ ಬರೆದರು. ಇವು ಕೇರಳದ ದಕ್ಷಿಣ ಭಾಗದಲ್ಲಿ ಕೆಲವುಂಟು, ನಮ್ಮ ಉತ್ತರ ಕನ್ನಡದಲ್ಲಿ ಕೆಲವುಂಟು. ಗೋವೆಯಲ್ಲಿಯೂ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿಯೂ ತುಣುಕುಗಳಿವೆ. ಅಲ್ಲೊಂದು ಇಲ್ಲೊಂದು ಎಂಬಂತೆ, ಹರಿದ ಸರದ ಮಣಿಗಳ ಹಾಗೆ ಚೆದುರಿಹೋಗಿವೆ. ನಮ್ಮ ಜಿಲ್ಲೆಯಲ್ಲಿ ಹೆಸರಾದದ್ದು ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು. ಜೋಗದಿಂದ ಹೊನ್ನಾವರಕ್ಕೆ ಘಟ್ಟ ಇಳಿಯುವ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವವರೆಲ್ಲ ಅದನ್ನು ಹಾದುಹೋಗುತ್ತಾರೆ. ಕಿಟಕಿಯಿಂದ ಕಾಣುವುದು ಬರಿಯ ಹಸುರು. ಒಳಗಿರುವುದೇನೆಂದು ಕೇಳುವವರು ಕಡಮೆ.

ಒಳಗಿರುವುದನ್ನು ಹೇಳುತ್ತೇನೆ. ೨೦೦೦ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಎಂಬ ಇಬ್ಬರು ವಿದ್ವಾಂಸರು ಅಲ್ಲಿಯ ಜಡ್ಡಿಯಿಂದ ಒಂದು ಹೊಸ ಮರವನ್ನು ಲೋಕಕ್ಕೆ ಪರಿಚಯಿಸಿದರು. ಅದು ನಮ್ಮ ಕರಿಗೇರಿನ ಕುಲಕ್ಕೆ ಸೇರಿದ್ದು. ಮಾವು, ಗೋಡಂಬಿಗಳೂ ಅದಕ್ಕೆ ನೆಂಟರೇ. ಊರಿನ ಹೆಸರಿನಿಂದಲೇ ಅದಕ್ಕೆ ‘ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ನಾಮಕರಣವಾಯಿತು. ಇಷ್ಟು ದೊಡ್ಡದಾಗಿ ಬೆಳೆದು ನಿಲ್ಲುವ ಮರವೊಂದು ಇಪ್ಪತ್ತನೆಯ ಶತಮಾನ ಮುಗಿಯುವವರೆಗೆ ಹೆಸರಿಲ್ಲದೆ ಇತ್ತೆಂದರೆ ಆಶ್ಚರ್ಯವಲ್ಲವೆ? ಬೆಳೆದ ಮರಗಳು ಇರುವುದು ಎಣಿಸಿ ಮುಗಿಸಬಹುದಾದಷ್ಟು. ಗುರುತು ಸಿಕ್ಕಿದ ದಿನವೇ ಅದು ಅಳಿವಿನ ಭಯದಲ್ಲಿತ್ತು. ಹುಟ್ಟಿದ ಕೂಸಿಗೆ ಹೆಸರಿಡುವ ಹೊತ್ತಿಗೆ ವೈದ್ಯರನ್ನೂ ಕರೆಸಬೇಕಾಗಿ ಬಂದ ಹಾಗಾಯಿತು.

ಕತ್ತಲೆಕಾನಿನಲ್ಲಿಯೇ ನೇರಳೆಯ ಬಳಗದ ಇನ್ನೊಂದು ಮರವಿದೆ. ತಿರುವಾಂಕೂರಿನಲ್ಲಿ ಮೊದಲು ಕಂಡದ್ದರಿಂದ ವಿದ್ವಾಂಸರು ಅದಕ್ಕೆ ಆ ನಾಡಿನ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿಂದ ಇಷ್ಟು ದೂರದ ನಮ್ಮ ಜಡ್ಡಿಯಲ್ಲಿ ಅದು ಉಳಿದುಕೊಂಡಿದೆ. ನಡುವೆ ಬಹುಪಾಲು ಕಡೆ ಇಲ್ಲ.

ಜಗತ್ತಿನ ಜೀವಜಾತಿಗಳಲ್ಲಿ ಯಾವುದು ಎಷ್ಟು ಅಪಾಯದಲ್ಲಿದೆ ಎಂದು ಲೆಕ್ಕವಿಡುವ ಒಂದು ಸಂಸ್ಥೆಯುಂಟು. ೧೯೪೮ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವೇ ಅದು. ೧೯೬೪ರಿಂದ ಅದು ಇಡುತ್ತ ಬಂದಿರುವ ಲೆಕ್ಕದ ಪುಸ್ತಕಕ್ಕೆ ‘ಕೆಂಪು ಪಟ್ಟಿ’ ಎಂದು ಹೆಸರು. ಅಪಾಯದಲ್ಲಿರುವ ಜಾತಿಗಳನ್ನು ಅದು ಮೂರು ದರ್ಜೆ ಮಾಡುತ್ತದೆ: ಅಪಾಯಕ್ಕೆ ಈಡಾಗಬಲ್ಲವು, ಅಪಾಯದಲ್ಲಿರುವವು, ತೀವ್ರ ಅಪಾಯದಲ್ಲಿರುವವು. ಅದರಾಚೆಗೆ ಉಳಿಯುವುದು ಅಳಿದುಹೋದವುಗಳ ಪಟ್ಟಿ. ೧೯೯೮ರಲ್ಲಿ ಗೊತ್ತುಮಾಡಿದ ದರ್ಜೆಗಳ ಪ್ರಕಾರ ರಾಮಪತ್ರೆ ಮತ್ತು ಪಿಂಡಿ ಮೊದಲನೆಯ ದರ್ಜೆಯಲ್ಲಿವೆ. ರಾಮಪತ್ರೆಯ ತಮ್ಮನೆನ್ನಬಹುದಾದ, ಊರುಗೋಲು ಬೇರಿನ ದೊಡ್ಡ ಜಡ್ಡಿಮರ ಎರಡನೆಯದರಲ್ಲಿದೆ. ನಾನು ಮೇಲೆ ಹೇಳಿದ ನೇರಳೆಯ ಬಂಧು ಮೂರನೆಯದರಲ್ಲಿದೆ. ಒಂದೇ ಜಡ್ಡಿಯ ಕೆಸರಿನಲ್ಲಿ ನಿಂತವನಿಗೆ ಮೂರೂ ದರ್ಜೆಗಳು ಕಣ್ಣಳತೆಯಲ್ಲಿ ಕಾಣಸಿಗುವುದು ದುಃಖದ ಸಂಗತಿ.

ಇದು ನಮ್ಮ ಜಿಲ್ಲೆಯೊಂದರ ಕಥೆಯಲ್ಲ. ೨೦೨೪ರ ಅಕ್ಟೋಬರಿನಲ್ಲಿ ಅದೇ ಒಕ್ಕೂಟವು ಜಗತ್ತಿನ ಮರಗಳ ಲೆಕ್ಕವನ್ನು ಪ್ರಕಟಿಸಿತು. ಪರೀಕ್ಷಿಸಿದ ೪೭,೨೮೨ ಜಾತಿಗಳಲ್ಲಿ ೧೬,೪೨೫ ಜಾತಿಗಳು ಅಳಿವಿನ ಭಯದಲ್ಲಿವೆ. ಎಂದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಅಪಾಯದಲ್ಲಿರುವ ಹಕ್ಕಿ, ಪ್ರಾಣಿ, ಹಾವು-ಹಲ್ಲಿ, ಕಪ್ಪೆಗಳ ಜಾತಿಗಳನ್ನೆಲ್ಲ ಒಟ್ಟುಗೂಡಿಸಿದರೂ ಈ ಸಂಖ್ಯೆಯ ಅರ್ಧಕ್ಕೆ ಬಾರದು. ಹುಲಿಯೊಂದು ಸತ್ತರೆ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಒಂದು ಜಾತಿಯ ಮರವೇ ಇಲ್ಲವಾದರೆ ಒಂದು ಸಾಲೂ ಬಾರದು. ಮರಕ್ಕೆ ಕೂಗಲು ಬಾಯಿಲ್ಲ, ಓಡಲು ಕಾಲಿಲ್ಲ.

ಇಷ್ಟು ಲೋಕದ ಲೆಕ್ಕ. ಇನ್ನು ನಮ್ಮ ಮನೆಯ ಲೆಕ್ಕ.

ನಮ್ಮ ಹಿರಿಯರು ಶರಾವತಿಯ ದಂಡೆಯವರು. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು, ಸುಮಾರು ೩೦೦ ಚದರ ಕಿಲೋಮೀಟರು ನೆಲದ ಮೇಲೆ ನೀರು ನಿಂತಿತು. ನಾಡಿಗೆ ಬೆಳಕು ಬಂತು. ನಮ್ಮ ಮನೆ, ಗದ್ದೆ, ದೇವರ ಬನ ನೀರಿನ ಕೆಳಗೆ ಹೋದವು. ಆಗ ನನ್ನ ಅಜ್ಜನಿಗೆ ಹತ್ತು ವರ್ಷ. ಮುತ್ತಜ್ಜ ಹೆಂಡತಿ ಮಕ್ಕಳನ್ನೂ ಎರಡು ದನಗಳನ್ನೂ ಕಟ್ಟಿಕೊಂಡು, ನೆಂಟರಿದ್ದ ಸಿದ್ದಾಪುರ ಸೀಮೆಗೆ ನಡೆದುಬಂದರು. ಒಳ್ಳೆಯ ನೆಲವೆಲ್ಲ ಅದಾಗಲೇ ಒಡೆಯರುಳ್ಳದ್ದು. ಯಾರಿಗೂ ಬೇಡವಾಗಿ ಉಳಿದಿದ್ದುದು ಒಂದು ಜಡ್ಡಿ. ಅಲ್ಲಿ ಜಿಗಣೆ, ಮೊಣಕಾಲುದ್ದ ಕೆಸರು, ಹಗಲಲ್ಲೂ ಕತ್ತಲೆ. ಮುತ್ತಜ್ಜ ಅದಕ್ಕೆ ಕಾಲುವೆ ತೆಗೆದು ನೀರನ್ನು ಬಸಿದರು, ಮರಗಳನ್ನು ಕಡಿದರು, ಗದ್ದೆ ಮಾಡಿದರು. ಮುಂದೆ ಅಜ್ಜ ಗದ್ದೆಯನ್ನು ಅಡಿಕೆ ತೋಟ ಮಾಡಿದರು. ಒಂದು ಎಕರೆಗೂ ಕಡಮೆಯಾದ ಆ ತೋಟ ನಾಲ್ಕು ಮಂದಿ ಮಕ್ಕಳನ್ನು ಸಾಕಿತು. ಈಗ ನನ್ನ ವಸತಿಗೃಹದ ಖರ್ಚು, ಬಸ್ಸಿನ ಪಾಸು, ಪುಸ್ತಕದ ಹಣ ಬರುವುದೂ ಅದರಿಂದಲೇ. ನಮ್ಮ ಮನೆತನದಲ್ಲಿ ಪದವಿ ಪರೀಕ್ಷೆಗೆ ಕೂರುವವಳು ನಾನೇ ಮೊದಲಿಗಳು. ಆದುದರಿಂದ ಈ ಮಾತನ್ನು ಮುಚ್ಚಿಡದೆ ಹೇಳಿಬಿಡಬೇಕು: ಅಳಿಯುತ್ತಿರುವ ಮರಗಳ ಬಗ್ಗೆ ಲೇಖನ ಬರೆಯುವಷ್ಟು ವಿದ್ಯೆ ನನಗೆ ಸಿಕ್ಕಿರುವುದು ಆ ಮರಗಳನ್ನು ಅಳಿಸಿದ ನೆಲದಿಂದ.

ಇದನ್ನು ತಿಳಿದ ಮೇಲೆ ಕೆಲವು ದಿನ ನನಗೆ ನಾಚಿಕೆಯಾಯಿತು. ರಜೆಯಲ್ಲಿ ಮನೆಗೆ ಹೋದಾಗ ಅಜ್ಜನೊಡನೆ ಮಾತೆತ್ತಿದೆ. ಅವರು ಸಿಟ್ಟಾಗಲಿಲ್ಲ. ಎಲೆ ಅಡಿಕೆ ಮೆಲ್ಲುತ್ತ, “ಮಗಾ, ಆಗ ನಮಗೆ ನಿಲ್ಲೂಕೆ ನೆಲ ಇರ್ಲಿಲ್ಲ. ಜಡ್ಡಿ ಬಿಟ್ರೆ ಇನ್ನೆಲ್ಲಿ ಹೋಗೂದಾಗಿತ್ತು?” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಕಡೀವಾಗ ಕೆಂಪು ನೀರು ಬರ್ತಿತ್ತು. ನಿನ್ನ ಮುತ್ತಜ್ಜ ಕೈ ಮುಗ್ದು ಕಡ್ದಿದ್ರು” ಎಂದರು. ನಾನು ಮರುಮಾತಾಡಲಿಲ್ಲ.

ನನ್ನ ವಾದವೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿತು. ಕಾಡು ಹಾಳಾದದ್ದಕ್ಕೆ ಕಾಡಿನಂಚಿನ ಬಡವನೇ ಕಾರಣ ಎಂದು ಪಟ್ಟಣದಲ್ಲಿ ಕುಳಿತು ಹೇಳುವುದು ಸುಲಭ. ಆದರೆ ಮುತ್ತಜ್ಜನ ಕೈಗೆ ಕೊಡಲಿ ಕೊಟ್ಟವರು ಯಾರು? ನಾಡಿನ ಬೆಳಕಿಗಾಗಿ ನಮ್ಮ ಮನೆ ಮುಳುಗಿತು. ನಮ್ಮ ಮನೆ ಮತ್ತೆ ಎದ್ದು ನಿಲ್ಲುವುದಕ್ಕಾಗಿ ಜಡ್ಡಿ ಬತ್ತಿತು. ಮೇಲಿನವನು ಕೆಳಗಿನವನ ಹೆಗಲಿಗೆ ದಾಟಿಸಿದ ಹೊರೆ ಕೊನೆಗೆ ಮಾತಾಡಲಾರದ ಮರದ ಮೇಲೆ ಬಿತ್ತು. ಅರ್ಥಶಾಸ್ತ್ರದ ತರಗತಿಯಲ್ಲಿ ನಮಗೆ ಆದಾಯ ವೆಚ್ಚಗಳ ಪಟ್ಟಿ ಬರೆಯಲು ಕಲಿಸುತ್ತಾರೆ. ಅಂದಿನ ಅಣೆಕಟ್ಟಿನ ವೆಚ್ಚದ ಕಡೆಯಲ್ಲಿ ಸಿಮೆಂಟು, ಕಬ್ಬಿಣ, ಕೂಲಿ, ಮುಳುಗಿದವರಿಗೆ ಕೊಟ್ಟ ಪರಿಹಾರ ಎಲ್ಲವೂ ಇದ್ದಿರಬೇಕು. ಬಸಿದುಹೋದ ಜಡ್ಡಿ ಯಾರ ಪಟ್ಟಿಯಲ್ಲಿಯೂ ಇರಲಾರದು. ಕೆಂಪು ಪಟ್ಟಿಯೆಂದರೆ ನನ್ನ ದೃಷ್ಟಿಯಲ್ಲಿ ಹಾಗೆ ಬರೆಯದೆ ಬಿಟ್ಟ ವೆಚ್ಚಗಳ ಪಟ್ಟಿ.

ಈಗ ಸಹಪಾಠಿಯ ಪ್ರಶ್ನೆಗೆ ಬರುತ್ತೇನೆ. ಈ ಮರಗಳಿಂದ ಉಪಯೋಗವೇನು?

ಉಪಯೋಗವಿಲ್ಲವೆಂಬುದೇ ಮೊದಲನೆಯದಾಗಿ ಸುಳ್ಳು. ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಗುಡ್ಡದಿಂದ ಅಬ್ಬಿಯ ನೀರು ಬರುತ್ತಿತ್ತು. ಅಡಿಕೆ ಮರದ ದಬ್ಬೆ ಸಾಲುಹಿಡಿದು ಇಟ್ಟಿದ್ದರು. ಬೇಸಿಗೆಯಲ್ಲೂ ಅದು ಹಗಲು ರಾತ್ರಿ ಸುರಿಯುತ್ತಿತ್ತು. ಈಗ ಮಾರ್ಚಿಗೆ ಅದು ನಿಲ್ಲುತ್ತದೆ. ಊರಿನ ಮೇಲ್ಭಾಗದ ಜಡ್ಡಿಗಳು ಒಂದೊಂದಾಗಿ ತೋಟಗಳಾದ ಮೇಲೆ ಹೀಗಾಯಿತೆಂದು ಅಪ್ಪಯ್ಯನೇ ಹೇಳುತ್ತಾರೆ. ಹೋದ ವರ್ಷ ಸಾಲ ಮಾಡಿ ಬೋರ್‌ವೆಲ್ ತೆಗೆಸಿದೆವು. ನಾಲ್ಕು ಕಡೆ ನೀರಿರುವ ಮಲೆನಾಡಿನಲ್ಲಿ ಬೋರ್‌ವೆಲ್! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಶರಾವತಿಯ ಕೊಳ್ಳದಲ್ಲಿ ಹಳ್ಳಗಳನ್ನು ಅಳೆದು ನೋಡಿ ಇದನ್ನೇ ಬರೆದಿದ್ದಾರೆ. ತಲೆಯ ಮೇಲೆ ನಾಡಕಾಡು ದಟ್ಟವಾಗಿರುವ ಹಳ್ಳಗಳು ವರ್ಷವಿಡೀ ಹರಿಯುತ್ತವೆ. ಕಾಡು ಕಡಮೆಯಾದ ಕಡೆ, ಒಂದೇ ಜಾತಿಯ ನೆಡುತೋಪು ಬಂದ ಕಡೆ, ಮಳೆಗಾಲ ಮುಗಿದ ಕೆಲವು ತಿಂಗಳಿಗೆ ಬತ್ತುತ್ತವೆ. ಕೆಸರು ಎಂದು ನಾವು ಹೀನಾಯ ಮಾಡಿದ ಜಡ್ಡಿಯೇ ಗುಡ್ಡದ ನೀರನ್ನು ಹಿಡಿದಿಟ್ಟು ಹನಿಹನಿಯಾಗಿ ಬಿಡುತ್ತಿತ್ತು. ಮೇಲಿನ ಜಡ್ಡಿಯನ್ನು ತೋಟ ಮಾಡಿದವನು ಕೆಳಗಿನ ತೋಟದ ನೀರನ್ನೂ ಕಡಿದಂತಾಯಿತು.

ಆದರೆ ಉಪಯೋಗದ ವಾದವೊಂದನ್ನೇ ನೆಚ್ಚಿಕೊಳ್ಳಬಾರದೆಂದು ನನಗೆ ತೋರುತ್ತದೆ. ಅದಕ್ಕೆ ರಾಮಪತ್ರೆಯೇ ಸಾಕ್ಷಿ. ಈ ಗುಂಪಿನಲ್ಲಿ ಪೇಟೆಯಲ್ಲಿ ಬೆಲೆ ಇರುವ ಮರ ಅದು. ಅದರ ಬೀಜದ ಸುತ್ತಲಿನ ಕೆಂಪು ಪತ್ರೆಯನ್ನು ಸಂಬಾರವೆಂದು ಕೊಳ್ಳುತ್ತಾರೆ. ಬೆಲೆ ಬಂದದ್ದರಿಂದ ಅದಕ್ಕೆ ಒಳಿತಾಯಿತೆ? ಕಾಡಿನಲ್ಲಿ ಕಾಯಿ ಬಲಿಯುವ ಮೊದಲೇ ಕೊಂಬೆ ಸಹಿತ ಕಡಿದು ಬೀಳಿಸುವವರು ಹುಟ್ಟಿಕೊಂಡರು. ತಡಮಾಡಿದರೆ ಇನ್ನೊಬ್ಬರು ಕೊಯ್ದುಬಿಟ್ಟಾರು ಎಂಬ ಆತುರ. ಉಪಯೋಗವಿಲ್ಲದ ಮರವನ್ನು ಬೇಡವೆಂದು ಕಡಿದರೆ, ಉಪಯೋಗವಿರುವ ಮರವನ್ನು ಬೇಕೆಂದು ಕಡಿಯುತ್ತೇವೆ. ಕಡಿಯಬೇಕೆಂಬ ಮನಸ್ಸಿಗೆ ಎರಡೂ ನೆಪವೇ. ಮನೆಯಲ್ಲಿ ದುಡಿಯಲಾರದ ಮುದುಕರು ಇರುತ್ತಾರೆ. ಅವರಿಂದ ಉಪಯೋಗವೇನು ಎಂದು ನಾವು ಕೇಳುವುದಿಲ್ಲ. ಅವರು ಇರುವುದರಿಂದಲೇ ಮನೆ ಮನೆಯಾಗಿರುತ್ತದೆ.

“ಇದೆಲ್ಲ ಸರಕಾರದ ಕೆಲಸ, ನಮಗೇಕೆ?” ಎಂದು ಕೇಳುವವರಿದ್ದಾರೆ. ಸರಕಾರ ಏನನ್ನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. ೨೦೧೧ರಲ್ಲಿ ಅಘನಾಶಿನಿಯ ಕೊಳ್ಳದ ಕಾಡನ್ನು ಸಿಂಗಳೀಕಗಳ ಹೆಸರಿನಲ್ಲಿ ಸಂರಕ್ಷಿತವೆಂದು ಸಾರಿದರು. ೨೦೧೯ರಲ್ಲಿ ಶರಾವತಿಯ ಅಭಯಾರಣ್ಯವನ್ನು ಸುಮಾರು ೯೩೦ ಚದರ ಕಿಲೋಮೀಟರಿಗೆ ಹಿಗ್ಗಿಸಿದರು. ಕತ್ತಲೆಕಾನಿಗೆ ಅದರಿಂದ ರಕ್ಷಣೆ ಸಿಕ್ಕಿದೆ. ಆದರೆ ಅದೇ ಕಣಿವೆಯಲ್ಲಿ ನೀರನ್ನು ಕೆಳಗಿಂದ ಮೇಲಕ್ಕೆತ್ತಿ ಮತ್ತೆ ಇಳಿಸಿ ೨,೦೦೦ ಮೆಗಾವಾಟ್ ವಿದ್ಯುತ್ತು ಪಡೆಯುವ ಯೋಜನೆಯೊಂದು ಬಂದು, ಅದರ ಮೇಲೆ ದೊಡ್ಡ ವಾದವಿವಾದವೆದ್ದಿರುವುದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಬೆಳಕು ಬೇಡವೆಂದು ನಾನು ಹೇಳಲಾರೆ. ಬುಡ್ಡಿದೀಪದಲ್ಲಿ ಓದಿದ ಅಪ್ಪಯ್ಯ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು. ಆದರೆ ಒಂದು ಸಲ ಬರೆಯದೆ ಬಿಟ್ಟ ವೆಚ್ಚವನ್ನು ಈ ಸಲವಾದರೂ ಬರೆದು, ಎಲ್ಲರ ಮುಂದೆ ಓದಿ, ಆಮೇಲೆ ತೀರ್ಮಾನಿಸಿರಿ ಎಂದು ಕೇಳುವ ಹಕ್ಕು ಒಮ್ಮೆ ಮುಳುಗಿದವರ ಮಕ್ಕಳಿಗೆ ಇದೆಯೆಂದು ನಂಬಿದ್ದೇನೆ.

“ಕಡಿದದ್ದಕ್ಕೆ ಪ್ರತಿಯಾಗಿ ಹತ್ತು ನೆಟ್ಟರಾಯಿತು” ಎಂಬುದು ಇನ್ನೊಂದು ಸಮಾಧಾನ. ೧೯೫೦ರಿಂದ ನಾವು ವನಮಹೋತ್ಸವ ಆಚರಿಸುತ್ತಿದ್ದೇವೆ. ನಮ್ಮ ಕಾಲೇಜಿನಲ್ಲಿಯೂ ಪ್ರತಿವರ್ಷ ಗುಂಡಿ ತೋಡಿ, ಸಸಿ ನೆಟ್ಟು, ಚಿತ್ರ ತೆಗೆಸಿಕೊಳ್ಳುತ್ತೇವೆ. ಒಳ್ಳೆಯದೇ. ಆದರೆ ಬೋಳುಗುಡ್ಡದ ಮೇಲೆ ಸಾಲಾಗಿ ನಿಲ್ಲಿಸಿದ ಅಕೇಶಿಯಾ ಜಡ್ಡಿಯ ಮರಕ್ಕೆ ಬದಲಾಗುವುದಿಲ್ಲ. ಕಾರಣ ಹೇಳುತ್ತೇನೆ. ಜಡ್ಡಿಮರಗಳ ಬೀಜವನ್ನು ಭತ್ತದ ಬೀಜದ ಹಾಗೆ ಒಣಗಿಸಿ ಕಣಜದಲ್ಲಿ ಇಡುವಂತಿಲ್ಲ. ಒಣಗಿದರೆ ಅದು ಸಾಯುತ್ತದೆ. ಬಿದ್ದ ಕೆಲವು ದಿನಗಳಲ್ಲೇ ಒದ್ದೆ ನೆಲದಲ್ಲಿ ಮೊಳೆಯಬೇಕು. ರಾಮಪತ್ರೆ, ಪಿಂಡಿಗಳಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ. ಒಂದು ಇದ್ದು ಇನ್ನೊಂದು ಹತ್ತಿರವಿಲ್ಲದಿದ್ದರೆ ಕಾಯಿ ಕಟ್ಟದು. ಕಟ್ಟಿದ ಕಾಯಿಯ ದಪ್ಪ ಬೀಜವನ್ನು ನುಂಗಿ ದೂರ ಒಯ್ಯಲು ಮಂಗಟ್ಟೆಯಂಥ ದೊಡ್ಡ ಹಕ್ಕಿ ಬೇಕು. ಮಂಗಟ್ಟೆಗೆ ಗೂಡಿಗೆ ಪೊಟರೆಯಿರುವ ಹಳೆಯ ಮರ ಬೇಕು. ಹೀಗೆ ಒಂದನ್ನು ಹಿಡಿದು ಇನ್ನೊಂದು ನಿಂತಿದೆ. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಕತ್ತಲೆಕಾನಿನ ಅಪೂರ್ವ ಮರದ ಸಸಿಗಳನ್ನು ಬೆಳೆಸಿ ಬೇರೆ ಜಡ್ಡಿಗಳಲ್ಲಿ ನೆಡುವ ಕೆಲಸ ಮಾಡಿದ್ದಾರೆ. ಅದು ಮೆಚ್ಚತಕ್ಕ ಕೆಲಸ. ಆದರೆ ಅವರಿಗೂ ನೆಡಲು ಜಡ್ಡಿ ಉಳಿದಿರಬೇಕಲ್ಲವೆ? ಮರವನ್ನು ಉಳಿಸುವುದೆಂದರೆ ಅದು ನಿಂತ ನೆಲವನ್ನೂ ನೀರನ್ನೂ ಉಳಿಸುವುದೆಂದೇ ಅರ್ಥ.

ಹಾಗಾದರೆ ಏನು ಮಾಡಬೇಕು? ವಿದ್ಯಾರ್ಥಿಯಾದವಳು ದೊಡ್ಡ ಮಾತಾಡಬಾರದು. ಆದರೂ ಮೂರು ಸಂಗತಿಗಳನ್ನು ವಿನಯದಿಂದ ಸೂಚಿಸುತ್ತೇನೆ.

ಮೊದಲನೆಯದು, ಹೆಸರು ತಿಳಿಯುವುದು. ೨೦೦೨ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಪಂಚಾಯತಿಯಲ್ಲಿಯೂ ಒಂದು ಸಮಿತಿಯಿದ್ದು, ಊರಿನ ಜೀವಜಾತಿಗಳನ್ನು ದಾಖಲೆಪುಸ್ತಕದಲ್ಲಿ ಬರೆದಿಡಬೇಕು. ನಮ್ಮೂರ ಪುಸ್ತಕವನ್ನು ನಾನು ನೋಡಿದೆ. ಅದರಲ್ಲಿ ಹಲಸು, ಮಾವು, ತೆಂಗು ಇದ್ದವು. ಜಡ್ಡಿಯ ಹೆಸರೇ ಇರಲಿಲ್ಲ. ಅದನ್ನು ತುಂಬಿಸಬಲ್ಲವರು ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರು. ಅವರಾಡಿದ್ದನ್ನು ಬರೆದುಕೊಳ್ಳಬಲ್ಲವರು ನಾವು. ಹಳ್ಳಿಗಳಿಂದ ಬರುವ ನೂರಾರು ವಿದ್ಯಾರ್ಥಿಗಳು ಈ ಕಾಲೇಜಿನಲ್ಲಿದ್ದೇವೆ. ಒಬ್ಬೊಬ್ಬರು ಒಂದು ರಜೆಯಲ್ಲಿ ತಮ್ಮ ಊರಿನ ಜಡ್ಡಿ, ಕಾನು, ದೇವರಬನಗಳ ಪಟ್ಟಿ ಮಾಡಿದರೂ ತಾಲ್ಲೂಕಿನ ಲೆಕ್ಕ ಸಿಕ್ಕೀತು. ಇದಕ್ಕೆ ಹಣ ಬೇಡ; ಸಸ್ಯಶಾಸ್ತ್ರದ ಪದವಿಯೂ ಬೇಡ.

ಎರಡನೆಯದು, ಉಳಿದಿರುವ ಜಡ್ಡಿಗಳನ್ನು ಇನ್ನು ಬಸಿಯಬಾರದು. ಈ ಮಾತು ನಮ್ಮವರಿಗೆ ಹಿಡಿಸದೆಂದು ಬಲ್ಲೆ. ಅಡಿಕೆಯ ಬೆಲೆ ಏರಿದ ವರ್ಷ ಎಲ್ಲರ ಕಣ್ಣೂ ಜಡ್ಡಿಯ ಮೇಲೆ. ಆದರೆ ಮುತ್ತಜ್ಜನ ಕಾಲಕ್ಕೂ ನಮ್ಮ ಕಾಲಕ್ಕೂ ವ್ಯತ್ಯಾಸವಿದೆ. ಅವರು ಕಡಿದದ್ದು ನಿಲ್ಲಲು ನೆಲವಿಲ್ಲದ್ದಕ್ಕೆ. ಇಂದು ಹೆಚ್ಚಿನ ಕಡೆ ಕಡಿಯುವುದು ಇರುವ ತೋಟಕ್ಕೆ ಇನ್ನು ಹತ್ತು ಗುಂಟೆ ಕೂಡಿಸುವುದಕ್ಕೆ. ಬಡತನದಿಂದಾದ ತಪ್ಪಿಗೆ ಕ್ಷಮೆಯುಂಟು. ಆಸೆಯಿಂದಾದುದಕ್ಕೆ ಅದೇ ಕ್ಷಮೆಯನ್ನು ಬೇಡಬಾರದು.

ಮೂರನೆಯದು, ಉಳಿಸುವ ಖರ್ಚನ್ನು ಉಳಿಸುವವನೊಬ್ಬನ ಮೇಲೆಯೇ ಹೇರಬಾರದು. ತನ್ನ ಹಿಡುವಳಿಯ ಪಕ್ಕದ ಜಡ್ಡಿಯನ್ನು ಮುಟ್ಟದೆ ಕಾಯುವ ರೈತನು ಕೆಳಗಿನ ಹತ್ತು ಊರುಗಳಿಗೆ ನೀರು ಕೊಡುತ್ತಿದ್ದಾನೆ. ಅವನಿಗೆ ಸಿಗುವುದೇನು? ಹಾಲಿಗೆ ಲೀಟರಿನ ಲೆಕ್ಕದಲ್ಲಿ ಪ್ರೋತ್ಸಾಹಧನ ಕೊಡುವ ನಾಡಿನಲ್ಲಿ ಹಳ್ಳದ ನೀರನ್ನು ಕಾಯ್ದವನಿಗೆ ವರ್ಷಕ್ಕಿಷ್ಟೆಂದು ಕೊಡುವುದು ಅಸಾಧ್ಯವೆ? ಶರಾವತಿಯ ವಿದ್ಯುತ್ತಿನಲ್ಲಿ ದೀಪ ಉರಿಸುವ ಪಟ್ಟಣದವರು ಆ ಹೊರೆಯಲ್ಲಿ ಪಾಲುಗೊಂಡರೆ ಅದು ದಾನವಾಗದು. ಹಳೆಯ ಸಾಲದ ಒಂದು ಕಂತು ಸಂದಂತಾದೀತು.

ಕೊನೆಯದಾಗಿ ನಮ್ಮ ತೋಟದ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಮುತ್ತಜ್ಜ ಜಡ್ಡಿಯ ಮರಗಳನ್ನೆಲ್ಲ ಕಡಿದರೂ ಮೇಲಿನ ಮೂಲೆಯಲ್ಲಿ, ನೀರಿನ ಕಣ್ಣಿರುವ ಕಡೆ, ಒಂದು ಪಿಂಡಿಮರವನ್ನು ಬಿಟ್ಟಿದ್ದರು. ಏಕೆಂದು ಯಾರಿಗೂ ಹೇಳಲಿಲ್ಲವಂತೆ. ಅದರ ಮೊಣಕಾಲು ಬೇರುಗಳ ಮೇಲೆ ಕುಳಿತು ನಾನು ಮಗ್ಗಿ ಬಾಯಿಪಾಠ ಮಾಡಿದವಳು. ಈ ವರ್ಷ ಎಲೆಚುಕ್ಕೆ ರೋಗದಿಂದ ತೋಟದ ಫಸಲು ಇಳಿಯಿತು. ಬೋರ್‌ವೆಲ್ಲಿನ ಸಾಲದ ಬಡ್ಡಿ ಬೇರೆ. ದೀಪಾವಳಿಗೆ ಊರಿಗೆ ಹೋದಾಗ ಅಪ್ಪಯ್ಯ ಮರದ ಬುಡದಲ್ಲಿ ನಿಂತು ಅಳತೆ ಹಾಕುತ್ತಿದ್ದರು. “ಇದೊಂದು ತೆಗೆದ್ರೆ ಹತ್ತು ಹನ್ನೆರಡು ಅಡಿಕೆ ಗಿಡ ಕೂರ್ತದೆ. ನೆಳಲೂ ಕಡಮೆ ಆಗ್ತದೆ” ಎಂದರು. ಅದು ನನ್ನ ಮುಂದಿನ ಓದಿನ ಖರ್ಚಿಗೆ ಹಾಕುತ್ತಿದ್ದ ಲೆಕ್ಕವೆಂದು ನನಗೆ ಗೊತ್ತು, ಎಂ. ಎ. ಓದುವ ಆಸೆಯನ್ನು ನಾನೇ ಅವರಲ್ಲಿ ಹೇಳಿಕೊಂಡಿದ್ದೆ.

ಕೆಂಪು ಪಟ್ಟಿ, ೨೦೨೪ರ ಅಂಕಿಸಂಖ್ಯೆ ಯಾವುದನ್ನೂ ನಾನು ಅಲ್ಲಿ ಹೇಳಲಿಲ್ಲ. “ಅಪ್ಪಯ್ಯಾ, ಇದಕ್ಕೆ ಕಾಯಿ ಬಿಟ್ಟದ್ದು ನೀವು ನೋಡೀರಾ?” ಎಂದು ಕೇಳಿದೆ. ಅವರು ಯೋಚಿಸಿ, ಇಲ್ಲವೆಂದರು. ಅಜ್ಜನೂ ನೋಡಿಲ್ಲವಂತೆ. ಅದು ಗಂಡುಮರವಿರಬೇಕು, ಇಲ್ಲವೆ, ಸುತ್ತ ಜೊತೆಯಿಲ್ಲದೆ ಬಂಜೆಯಾಗಿ ನಿಂತ ಹೆಣ್ಣುಮರವಿರಬೇಕು. ನಾನು ಅದನ್ನು ವಿವರಿಸಿದೆ. ಅರುವತ್ತು ವರ್ಷಗಳಿಂದ ಅದು ಒಂಟಿಯಾಗಿ ನಿಂತಿದೆ ಎಂದಾಗ ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, “ಈ ವರ್ಷ ಇರ್ಲಿ ಬಿಡು” ಎಂದು ಮನೆಯ ಕಡೆ ನಡೆದರು.

ಮುಂದಿನ ವರ್ಷದ ಮಾತನ್ನು ನಾನು ಹೇಳಲಾರೆ. ಗುಡ್ಡದಾಚೆಯ ಕಾನಿನಲ್ಲಿ ಇನ್ನೊಂದು ಪಿಂಡಿಮರ ಕಾಯಿ ಬಿಟ್ಟಿದೆಯೆಂದು 건ಕೇಳಿದ್ದೇನೆ.